ಬ್ಯಾಡ್ಜ್ ಕಳೆದ ಗಾಡಿಗೆ ಥ್ರೆಡ್ ಗೇಜೇ ಜಾತಕ: ಹಳೇ ಬ್ರಿಟಿಷ್ ಕಾರು ಗುರುತಿಸುವ ಸಾಮಾನುಗಳ ವಿಮರ್ಶೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಹಳೇ ಕಾಫಿ ತೋಟಗಳಲ್ಲಿ ಪಲ್ಪರ್ ಮನೆಯ ಹಿಂದೆಯೋ, ಹೆಂಚು ಕುಸಿದ ಶೆಡ್ಡಿನಲ್ಲೋ ಗಾಡಿಯ ಅಸ್ಥಿಪಂಜರ ಸಿಗುವುದು ಅಪರೂಪವೇನಲ್ಲ. ಯಾವ ಗಾಡಿ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಎರಡೇ: "ದೊರೆಗಳ ಕಾಲದ್ದು", ಇಲ್ಲವೇ "ಲ್ಯಾಂಡ್ ರೋವರ್ರೇ ಇರ್ಬೇಕು". ಬಾನೆಟ್ಟಿನ ಬ್ಯಾಡ್ಜು ಯಾವತ್ತೋ ಹೋಗಿರುತ್ತದೆ, ನಂಬರ್ ಪ್ಲೇಟು ಕೋಳಿಗೂಡಿಗೆ ಬಾಗಿಲಾಗಿರುತ್ತದೆ, ಆರ್‌ಸಿ ಪುಸ್ತಕ ಗೆದ್ದಲಿನ ಪಾಲಾಗಿರುತ್ತದೆ. ಉಳಿದದ್ದು ತುಕ್ಕು. ಆ ತುಕ್ಕಿನಿಂದಲೇ ಕಂಪನಿ, ಮಾಡೆಲ್ಲು, ಹತ್ತಿರದ ಇಸವಿ ಹೊರಡಿಸಲು ಯಾವ ಸಾಮಾನು ಬೇಕು, ಯಾವುದಕ್ಕೆ ದುಡ್ಡು ಹಾಕಿದರೆ ದಂಡ ಎನ್ನುವುದಷ್ಟೇ ಇಲ್ಲಿನ ವಿಷಯ.

ನೋಡಿದ್ದು ಐದು: ಥ್ರೆಡ್ ಗೇಜು, ವಿಟ್‌ವರ್ತ್ ಸ್ಪ್ಯಾನರ್ ಸೆಟ್, ಡಿಜಿಟಲ್ ವರ್ನಿಯರ್ (ಜೊತೆಗೆ ಟೇಪು), ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ, ತುಕ್ಕು ಬಿಡಿಸುವ ದ್ರಾವಣ.

ಥ್ರೆಡ್ ಗೇಜು

ಐದರಲ್ಲಿ ತೀರಾ ಅಗ್ಗದ್ದು ಇದು. ಬೋಲ್ಟಿನ ಸುತ್ತುಗಳಿಗೆ (ಥ್ರೆಡ್) ಹಲ್ಲು ಹೊಂದಿಸಿ ಅವುಗಳ ಅಂತರ ತಿಳಿಯುವ, ಕೆಲವು ನೂರು ರೂಪಾಯಿಯ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಉಕ್ಕಿನ ಎಲೆಗಳ ಗೊಂಚಲು. ಆದರೆ ಹೆಚ್ಚು ಮಾತಾಡುವುದೂ ಇದೇ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ 55 ಡಿಗ್ರಿಯ ಥ್ರೆಡ್ಡೇ ಒಂದು ಶತಮಾನ ಕಾಲ ಬ್ರಿಟಿಷ್ ಯಂತ್ರಗಳ ಭಾಷೆ. ದಪ್ಪ ಸುತ್ತಿನದು ಬಿಎಸ್‌ಡಬ್ಲ್ಯೂ (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್), ಸಣ್ಣ ಸುತ್ತಿನದು ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್). 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಕೂಡಿ 60 ಡಿಗ್ರಿಯ ಯುನಿಫೈಡ್ ಥ್ರೆಡ್ ಒಪ್ಪಿಕೊಂಡವು. 1950ರ ದಶಕದ ಕಾರುಗಳಲ್ಲಿ ಅದರ ಸಣ್ಣ ಸುತ್ತಿನ ಬಗೆ, ಯುಎನ್‌ಎಫ್, ಹೊಕ್ಕಿತು. ಗಾಡಿ ಈ ಗೆರೆಯ ಆಚೆಯದೋ ಈಚೆಯದೋ ಎಂದು ಬೋಲ್ಟು ಹೇಳುತ್ತದೆ.

ಯಾವ ಬೋಲ್ಟು ಹಿಡಿಯಬೇಕು ಎಂಬಲ್ಲೇ ಅರ್ಧ ಕೆಲಸ. ಕಾಲಿಂಚಿನ ಬೋಲ್ಟಿಗೆ ಬಿಎಸ್‌ಎಫ್ ಇಂಚಿಗೆ 26 ಸುತ್ತು, ಯುಎನ್‌ಎಫ್ 28. 5/16ಕ್ಕೆ 22 ಮತ್ತು 24. ತುಕ್ಕು ತಿಂದ ಬೋಲ್ಟಿನ ಮೇಲೆ ಈ ಎರಡು ಸುತ್ತಿನ ಅಂತರ ಕಣ್ಣಿಗೆ ಸಿಗುವುದಿಲ್ಲ. 26ರ ಎಲೆಯೂ ಕೂತಂತೆ ಕಾಣುತ್ತದೆ, 28ರದ್ದೂ ಕೂತಂತೆ ಕಾಣುತ್ತದೆ. ಅದಕ್ಕೇ 3/8 ಇಂಚಿನ ಬೋಲ್ಟು ಹುಡುಕಬೇಕು: ಬಿಎಸ್‌ಎಫ್ 20, ಯುಎನ್‌ಎಫ್ 24. ಅರ್ಧ ಇಂಚಿನದು ಸಿಕ್ಕರೆ ಇನ್ನೂ ಚೆನ್ನ, 16 ಮತ್ತು 20. ಬಿಎಸ್‌ಡಬ್ಲ್ಯೂ ಮತ್ತು ಯುಎನ್‌ಸಿ (ಯುನಿಫೈಡಿನ ದಪ್ಪ ಸುತ್ತಿನದು) ಬೋಲ್ಟುಗಳ ಗೋಜಿಗೆ ಮಾತ್ರ ಹೋಗಬೇಡಿ. ಕಾಲಿಂಚಿನಿಂದ 7/16ರವರೆಗೆ ಎರಡಕ್ಕೂ ಸುತ್ತಿನ ಲೆಕ್ಕ ಒಂದೇ (20, 18, 16, 14), ವ್ಯತ್ಯಾಸ ಕೋನದಲ್ಲಷ್ಟೇ. 5 ಡಿಗ್ರಿಯ ಅಂತರ ತೋರಿಸುವಷ್ಟು ಲೋಹವನ್ನು ಮಲೆನಾಡಿನ ಮಳೆ ಉಳಿಸಿರುವುದಿಲ್ಲ. ಅರ್ಧ ಇಂಚಿಗೆ ಬಂದಾಗ ಮಾತ್ರ 12 ಮತ್ತು 13 ಎಂದು ಬೇರೆಯಾಗುತ್ತವೆ.

ಬೋಲ್ಟು ಬಿಚ್ಚುವ ಜಾಗವೂ ಮುಖ್ಯ. ಮಡ್‌ಗಾರ್ಡ್, ಬಂಪರ್, ಸೀಟಿನ ಬೋಲ್ಟುಗಳು ಎಷ್ಟೋ ಸಲ ಬದಲಾಗಿರುತ್ತವೆ, ಅವುಗಳ ಸಾಕ್ಷಿ ನಂಬುವಂತಿಲ್ಲ. ಎಣ್ಣೆ ಕುಡಿದು ಉಳಿದ ಜಾಗಗಳಿಗೆ ಹೋಗಿ: ಸಂಪ್, ಟೈಮಿಂಗ್ ಕವರ್, ಗೇರ್ ಬಾಕ್ಸಿನ ಮುಚ್ಚಳ, ಡಿಫರೆನ್ಶಿಯಲ್ಲಿನ ಸುತ್ತ. ಕನಿಷ್ಠ ಮೂರು ಜಾಗದಿಂದ ಎರಡೆರಡು. ತಲೆಯ ಮೇಲೆ 8.8 ಎಂದು ಇದ್ದರೆ ಅದು ಈಚಿನ ರಿಪೇರಿಯ ಮೆಟ್ರಿಕ್ ಬೋಲ್ಟು, ಪಕ್ಕಕ್ಕಿಡಿ. ಒಂದಕ್ಕೊಂದು ತಾಗಿದ ಮೂರು ಸಣ್ಣ ವೃತ್ತಗಳ ಗುರುತು, ಅಥವಾ ತಲೆಯ ನಡುವೆ ದುಂಡಗಿನ ತಗ್ಗು ಇದ್ದರೆ ಅದು ಯುನಿಫೈಡ್. ಗೇಜಿನ ಅಗತ್ಯವೇ ಇಲ್ಲ.

ಗೇಜು ಹಿಡಿಯುವ ಮೊದಲು ಬೋಲ್ಟನ್ನು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ, ಹಿತ್ತಾಳೆಯ ಬ್ರಷ್ಷಿನಿಂದ ಸುತ್ತಿನ ದಿಕ್ಕಿನಲ್ಲೇ ಉಜ್ಜಬೇಕು. ಎಲೆಯನ್ನು ಹಚ್ಚಿ ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ಒಂದೇ ಸಮ ಸೋರಿದರೆ ಸರಿ, ಒಂದು ತುದಿಯಲ್ಲಿ ಹೆಚ್ಚಾಗುತ್ತ ಹೋದರೆ ಎಲೆ ತಪ್ಪು. ಅನುಮಾನ ಉಳಿದರೆ ಅರ್ಧ ಇಂಚು ಗುರುತು ಹಾಕಿಕೊಂಡು ಸೂಜಿಮೊನೆಯಿಂದ ಸುತ್ತು ಎಣಿಸಿ. 3/8ರಲ್ಲಿ 10 ಬಂದರೆ ಬಿಎಸ್‌ಎಫ್, 12 ಬಂದರೆ ಯುಎನ್‌ಎಫ್. ಎಣಿಕೆಗೆ ಸಮನಾದ ಗೇಜು ಇಲ್ಲ.

ಇನ್ನು ಮೋರಿಸ್ ಕಾರುಗಳು ಕೊಡುವ ಕಾಟ. 5/16ರಷ್ಟು ದಪ್ಪದ ಬೋಲ್ಟು, ತಲೆ ವಿಟ್‌ವರ್ತ್ ಅಳತೆಯದು, ಆದರೆ ಸುತ್ತು ನೋಡಿದರೆ 26ರ ಎಲೆ ಕೂರುತ್ತದೆ. ಬಿಎಸ್‌ಎಫ್ ಆದರೆ 22 ಬರಬೇಕಿತ್ತು. ಗೇಜು ಕೆಟ್ಟಿದೆ ಎಂದುಕೊಳ್ಳಬೇಡಿ. ಅದು 8 ಮಿಮೀ ದಪ್ಪ, 1 ಮಿಮೀ ಅಂತರದ ಮೆಟ್ರಿಕ್ ಥ್ರೆಡ್. ಇಂಚಿಗೆ 26 ಸುತ್ತೆಂದರೆ 0.977 ಮಿಮೀ, ಹಾಗಾಗಿ ಎಲೆ ಮೋಸ ಹೋಗುತ್ತದೆ. ಮೋರಿಸ್ ಕಂಪನಿ 1923ರಲ್ಲಿ ಕೊವೆಂಟ್ರಿಯಲ್ಲಿದ್ದ ಫ್ರೆಂಚ್ ಹಾಚ್ಕಿಸ್ ಕಂಪನಿಯ ಎಂಜಿನ್ ಕಾರ್ಖಾನೆ ಕೊಂಡಿತು. ಅಲ್ಲಿನ ಯಂತ್ರಗಳು ಮೆಟ್ರಿಕ್ ಥ್ರೆಡ್ ಕೊರೆಯುತ್ತಿದ್ದವು, ಬ್ರಿಟನ್ನಿನ ಮೆಕ್ಯಾನಿಕ್ಕರ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರು. ಹಾಗಾಗಿ ಮೈ ಫ್ರೆಂಚ್, ತಲೆ ಇಂಗ್ಲಿಷ್. ಇಂಥ ಬೋಲ್ಟು ಎಂಜಿನ್ನಿನಿಂದ ಬಂದರೆ ಮೋರಿಸ್ ಮನೆತನ ಎನ್ನುವುದಕ್ಕೆ ಬ್ಯಾಡ್ಜಿಗಿಂತ ಗಟ್ಟಿ ಪುರಾವೆ. ನಮ್ಮಲ್ಲಿ ಹಿಂದುಸ್ತಾನ್ 10 ಎಂಬ ಹೆಸರಿನಲ್ಲಿ ಬಂದದ್ದೂ ಮೋರಿಸ್ 10 ಸೀರೀಸ್ ಎಂ ಗಾಡಿಯೇ.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 52 ಎಲೆಯ ಗೇಜು: ಒಂದು ತುದಿಗೆ 55 ಡಿಗ್ರಿ ಇಂಚು, ಇನ್ನೊಂದಕ್ಕೆ 60 ಡಿಗ್ರಿ ಮೆಟ್ರಿಕ್. ಈ ಕೆಲಸಕ್ಕೆ ಅದೇ ಸಾಕು, 60 ಡಿಗ್ರಿ ಇಂಚಿನ ಗೇಜು ಬೇರೆ ಕೊಳ್ಳುವ ಅಗತ್ಯವಿಲ್ಲ. ಕೊಳ್ಳುವಾಗ 20, 22, 24, 26, 28ರ ಎಲೆಗಳು ಇವೆಯೇ ಎಂದು ಬಿಚ್ಚಿ ನೋಡಿ. ಅಗ್ಗದ ಗೇಜುಗಳ ದೋಷ ಎರಡು: ಅಂಕಿ ತೀರಾ ತೆಳುವಾಗಿ ಕೊರೆದಿರುತ್ತಾರೆ, ಒಂದು ಮಳೆಗಾಲ ಕಳೆದರೆ ಎಲೆಗೇ ತುಕ್ಕು. ಹೊಲಿಗೆ ಮಷಿನ್ ಎಣ್ಣೆ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಬಾಳುತ್ತದೆ.

ವಿಟ್‌ವರ್ತ್ ಸ್ಪ್ಯಾನರ್ ಸೆಟ್

ಇದರ ಬಗ್ಗೆ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಳತೆಯ ವಿಷಯದಲ್ಲಿ. ಸ್ಪ್ಯಾನರಿನ ಮೇಲೆ 3/8 ಎಂದು ಇದ್ದರೆ ಅದು ಬೋಲ್ಟಿನ ದಪ್ಪ, ಬಾಯಿಯ ಅಗಲವಲ್ಲ. 3/8 ವಿಟ್‌ವರ್ತಿನ ಬಾಯಿ 0.710 ಇಂಚು, ಅಂದರೆ 18 ಮಿಮೀ. ಸಾಲದ್ದಕ್ಕೆ, 1941ರಲ್ಲಿ ಯುದ್ಧಕಾಲದ ಉಕ್ಕು ಉಳಿಸಲು ವಿಟ್‌ವರ್ತ್ ಬೋಲ್ಟಿನ ತಲೆಯನ್ನು ಒಂದು ಸೈಜು ಇಳಿಸಿ ಬಿಎಸ್‌ಎಫ್ ತಲೆಗೆ ಸಮ ಮಾಡಿದರು. ಹಾಗಾಗಿ ಒಂದೇ ಸ್ಪ್ಯಾನರಿನ ಮೇಲೆ 5/16 ಡಬ್ಲ್ಯೂ, 3/8 ಬಿಎಸ್ (ಅಂದರೆ ಬಿಎಸ್‌ಎಫ್) ಎಂದು ಎರಡು ಅಂಕಿ ಇರುತ್ತದೆ. 3/8ರ ಬಿಎಸ್‌ಡಬ್ಲ್ಯೂ ಬೋಲ್ಟಿಗೆ 18 ಮಿಮೀ ತಲೆ ಇದ್ದರೆ ಅದು ಯುದ್ಧಕ್ಕೆ ಹಿಂದಿನದಿರಬಹುದು, 15.2 ಇದ್ದರೆ ನಂತರದ್ದು. ಕಾಲ ಹೇಳುವ ಇಂಥ ಸುಳಿವು ಬಿಟ್ಟಿ ಸಿಗುವುದು ಕಡಿಮೆ.

ಉಪಯೋಗದ ಅಳತೆಗಳು ನಾಲ್ಕು: 0.445 ಇಂಚು (11.3 ಮಿಮೀ), 0.525 (13.3), 0.600 (15.2), 0.710 (18.0). ಯುಎನ್‌ಎಫ್ ಬೋಲ್ಟಿಗಾದರೆ ಕಾಲಿಂಚಿಗೆ 11.1, 5/16ಕ್ಕೆ 12.7, 3/8ಕ್ಕೆ 14.3 ಮಿಮೀ. ಹಾಸನದ ಯಾವ ಗ್ಯಾರೇಜಿನಲ್ಲೂ ಇರುವ ಎಂಎಂ ಸೆಟ್ಟಿನಿಂದ 13.3ಕ್ಕೆ 13 ಹೋಗುವುದಿಲ್ಲ, 14 ಹಾಕಿದರೆ ತಲೆ ದುಂಡಗಾಗುತ್ತದೆ. 15.2ಕ್ಕೆ 16 ಹಾಕಿದರೂ ಅದೇ ಗತಿ. 18 ಒಂದೇ ಸರಿಯಾಗಿ ಕೂರುವುದು. "ಎಂಎಂ ಸೆಟ್ ಇದ್ರೆ ಸಾಕು" ಎನ್ನುವವರ ಕೈಯಲ್ಲೇ ಹೆಚ್ಚು ಬೋಲ್ಟುಗಳು ಕೆಟ್ಟಿರುವುದು.

ಹಾಗೆಂದು ಗುರುತಿಸುವ ಕೆಲಸಕ್ಕಷ್ಟೇ ಪೂರ್ತಿ ಸೆಟ್ ಬೇಡ. ಬಿಚ್ಚಬೇಕಾದ್ದು ಆರೇಳು ಬೋಲ್ಟು. 0.445ರಿಂದ 0.710ರವರೆಗಿನ ನಾಲ್ಕು ರಿಂಗ್ ಸ್ಪ್ಯಾನರು ಸಾಕು. ಬೆಂಗಳೂರಿನ ಎಸ್‌ಪಿ ರಸ್ತೆ, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಬಿಡಿಯಾಗಿ ಸಿಕ್ಕರೆ ಹೊಸ ಸೆಟ್ಟಿಗಿಂತ ಅದೇ ವಾಸಿ; ಬಾಯಿ ಅಗಲವಾಗಿಲ್ಲವೇ ಎಂದು ವರ್ನಿಯರಿನಲ್ಲಿ ಅಳೆದು ತನ್ನಿ. ಓಪನ್ ಎಂಡ್ ಮಾತ್ರ ಬೇಡ, ತುಕ್ಕು ಕಚ್ಚಿದ ಬೋಲ್ಟಿನ ಮೂಲೆ ಅದು ತಿಂದುಹಾಕುತ್ತದೆ.

ವರ್ನಿಯರ್, ಟೇಪು, ತೂಗುಗುಂಡು

ಇಂಚು ಮತ್ತು ಮಿಮೀ ಬದಲಾಯಿಸುವ ಗುಂಡಿ ಇರುವ 150 ಮಿಮೀಯ ಸಾಧಾರಣ ಡಿಜಿಟಲ್ ವರ್ನಿಯರ್ ಸಾಕು. ದುಬಾರಿಯದು ಇಲ್ಲಿ ವ್ಯರ್ಥ. ತುಕ್ಕಿನ ಮೇಲೆ ನೂರನೇ ಒಂದು ಮಿಲಿಮೀಟರು ಅಳೆದು ಯಾರಿಗೇನು. ಒಂದೇ ತೊಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿಗೆ ಅಂಕಿ ಕುಣಿಯತೊಡಗುತ್ತವೆ. ಬ್ಯಾಟರಿ ತೆಗೆದು ಅಕ್ಕಿ ಡಬ್ಬಿಯಲ್ಲಿಡಿ, ಅಥವಾ ಗೆರೆ ಓದುವ ಹಳೇ ವರ್ನಿಯರನ್ನೇ ಕಲಿಯಿರಿ.

ದೊಡ್ಡ ತೀರ್ಮಾನಗಳು ಟೇಪಿನಿಂದ ಬರುತ್ತವೆ. ಮುಂದಿನ ಚಕ್ರದ ಹಬ್ಬಿನ ನಡುವಿನಿಂದ ತೂಗುಗುಂಡು ಇಳಿಸಿ ನೆಲಕ್ಕೆ ಸುಣ್ಣದ ಗುರುತು, ಹಿಂದಿನದಕ್ಕೂ ಹಾಗೇ, ಎರಡರ ನಡುವೆ ಇಂಚಿನಲ್ಲಿ ಅಳತೆ. ಇದೇ ವೀಲ್‌ಬೇಸ್. ಎರಡೂ ಬದಿ ಅಳೆಯಲೇಬೇಕು. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಸೊಟ್ಟಗಾಗಿದೆ ಅಥವಾ ಆಕ್ಸಲ್ ಜರುಗಿದೆ. ಆಸ್ಟಿನ್ 7ಕ್ಕೆ 75 ಇಂಚು, ನಂತರದ ಉದ್ದನೆಯದಕ್ಕೆ 81. ಸ್ಟ್ಯಾಂಡರ್ಡ್ 8 ಮತ್ತು 10ಕ್ಕೆ 84. ಮೋರಿಸ್ ಮೈನರ್ 86. ಸ್ಟ್ಯಾಂಡರ್ಡ್ ಹೆರಾಲ್ಡ್ 91.5. ಆಸ್ಟಿನ್ ಎ40 ಡೆವನ್ 92.5. ಮೋರಿಸ್ ಆಕ್ಸ್‌ಫರ್ಡ್, ಅದರಿಂದ ಹುಟ್ಟಿದ ಲ್ಯಾಂಡ್‌ಮಾಸ್ಟರ್ ಮತ್ತು ಅಂಬಾಸಡರ್ 97.

94 ಇಂಚು ಬಂತೆಂದರೆ ಮೂರು ಗಾಡಿ ಎದುರು ನಿಲ್ಲುತ್ತವೆ: ಮೋರಿಸ್ 10 ಸೀರೀಸ್ ಎಂ, ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್, ಹಳೇ ಫೋರ್ಡ್ ಪ್ರಿಫೆಕ್ಟ್. ಟೇಪಿನ ಕೆಲಸ ಮುಗಿಯಿತು, ಈಗ ಅಡಿ ಹೊಕ್ಕು ಕಮಾನ್ ಪಟ್ಟೆ ನೋಡಬೇಕು. ಮುಂದೆಯೂ ಹಿಂದೆಯೂ ಪಟ್ಟೆ ಗಾಡಿಗೆ ಅಡ್ಡಡ್ಡ ಇದ್ದರೆ ಫೋರ್ಡ್. ಮುಂದೆ ಕಾಯಿಲ್ ಸ್ಪ್ರಿಂಗ್ ಇದ್ದರೆ ವ್ಯಾನ್‌ಗಾರ್ಡ್. ಮುಂದೆ ಇಡೀ ಆಕ್ಸಲ್ಲು, ಪಟ್ಟೆ ಉದ್ದುದ್ದ, ಬಿಡಿ ಚಾಸಿ ಇಲ್ಲದೆ ಬಾಡಿಯೇ ಚಾಸಿಯಾಗಿದ್ದರೆ ಮೋರಿಸ್ 10. ಆಸ್ಟಿನ್ 7 ಗುರುತಿಸುವುದೂ ಹೀಗೇ ಸುಲಭ: ಚಾಸಿ ಇಂಗ್ಲಿಷಿನ ಎ ಅಕ್ಷರದ ಆಕಾರ, ಮುಂದೆ ಅಡ್ಡ ಪಟ್ಟೆ, ಹಿಂದೆ ಕಾಲು ಭಾಗದ ಪಟ್ಟೆಗಳು ಹಿಂದಕ್ಕೆ ಚಾಚಿರುತ್ತವೆ. ಮೈನರ್ ಮತ್ತು ಅಂಬಾಸಡರ್‌ಗೆ ಮುಂದೆ ಟಾರ್ಶನ್ ಬಾರ್; ಅಡಿಯಲ್ಲಿ ಹಿಂದಕ್ಕೆ ಹೋಗುವ ಎರಡು ಉಕ್ಕಿನ ಸರಳು ತಗಡೆಲ್ಲ ಉದುರಿದ ಮೇಲೂ ಉಳಿದಿರುತ್ತವೆ.

ಮಲೆನಾಡಿನ ನಿತ್ಯದ ಜಗಳ ಲ್ಯಾಂಡ್ ರೋವರೋ ಜೀಪೋ ಎಂಬುದು. ಮೊದಲ ಲ್ಯಾಂಡ್ ರೋವರ್ 1948ರಲ್ಲಿ ಬಂದಾಗ ಅದರ ವೀಲ್‌ಬೇಸ್ 80 ಇಂಚು, ವಿಲ್ಲಿಸ್ ಜೀಪಿನದೂ 80. ಆಶ್ಚರ್ಯವಿಲ್ಲ, ಅದರ ಮೊದಲ ಮಾದರಿ ಕಟ್ಟಿದ್ದೇ ಜೀಪಿನ ಚಾಸಿಯ ಮೇಲೆ. 86 ಇಂಚಿನ ಲ್ಯಾಂಡ್ ರೋವರೂ ಇದೆ, ಮೈನರಿನಷ್ಟೇ. ಇಲ್ಲಿ ಟೇಪು ಬಿಟ್ಟು ವರ್ನಿಯರ್ ಹಿಡಿಯಿರಿ, ಚಕ್ರ ಕೂರುವ ಹಬ್ಬಿನ ಐದು ಸ್ಟಡ್ ಅಳೆಯಿರಿ. ಐದು ಸ್ಟಡ್‌ಗೆ ಎದುರು-ಬದುರು ಅಳತೆ ಸಿಗುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದಕ್ಕೆ ನಡುವಿನಿಂದ ನಡುವಿಗೆ ಅಳೆಯಬೇಕು. ಜೀಪಿಗೆ ಸುಮಾರು 133 ಮಿಮೀ, ಲ್ಯಾಂಡ್ ರೋವರಿಗೆ 157. ಅದನ್ನು 0.951ರಿಂದ ಭಾಗಿಸಿದರೆ ವೃತ್ತದ ಅಳತೆ ಬರುತ್ತದೆ: 5.5 ಇಂಚು, 6.5 ಇಂಚು. 150 ಮಿಮೀ ವರ್ನಿಯರ್ ಇದಕ್ಕೆ ಮೊಟಕು. ಸ್ಟಡ್ಡಿನ ಒಳಅಂಚುಗಳ ನಡುವೆ ಅಳೆದು ಒಂದು ಸ್ಟಡ್ಡಿನ ದಪ್ಪ ಕೂಡಿಸಿ. ಹಬ್ಬೇ ಇಲ್ಲದಿದ್ದರೆ ಚಾಸಿ ಕಡಿದ ಜಾಗ ನೋಡಿ, ನಾಲ್ಕು ಪಟ್ಟಿ ಬೆಸೆದ ಪೆಟ್ಟಿಗೆ ಆಕಾರವಾದರೆ ಲ್ಯಾಂಡ್ ರೋವರ್, ಸಿ ಆಕಾರದ ಚಾನೆಲ್ ಆದರೆ ಜೀಪು. ಹತ್ತಿಪ್ಪತ್ತು ರೂಪಾಯಿಯ ಆಯಸ್ಕಾಂತ ಇದಕ್ಕೂ ಮೊದಲೇ ತೀರ್ಪು ಕೊಟ್ಟಿರುತ್ತದೆ: ಲ್ಯಾಂಡ್ ರೋವರಿನ ಬಾಗಿಲು, ಮಡ್‌ಗಾರ್ಡ್ ಅಲ್ಯೂಮಿನಿಯಂ ಮಿಶ್ರಲೋಹ, ಅಂಟುವುದಿಲ್ಲ.

ಸಿಲಿಂಡರ್ ಹೆಡ್ ಬಿಚ್ಚಿದ್ದರೆ ಬೋರ್, ಅಂದರೆ ಸಿಲಿಂಡರಿನ ಒಳಅಗಲ, ಅಳೆಯಬಹುದು. ಮೋರಿಸ್ 8ಕ್ಕೆ 57 ಮಿಮೀ, ಆಸ್ಟಿನ್ 7ಕ್ಕೆ 56, ಎ40ಗೆ 65.5, ಅಂಬಾಸಡರಿನ 1489 ಸಿಸಿಗೆ 73, ವ್ಯಾನ್‌ಗಾರ್ಡಿಗೆ 85. ವ್ಯಾನ್‌ಗಾರ್ಡಿನ ಲೈನರುಗಳು (ಸಿಲಿಂಡರಿನ ಒಳಕೊಳವೆಗಳು) ಬಿಡಿಯಾಗಿ ಹೊರಬರುವಂಥವು, ಅದೇ ಮನೆತನದ ಎಂಜಿನ್ ಫರ್ಗುಸನ್ ಟ್ರ್ಯಾಕ್ಟರಿನಲ್ಲೂ ಇತ್ತು; ಹಾಗಾಗಿ ಶೆಡ್ಡಿನಲ್ಲಿ ಬಿಡಿ ಎಂಜಿನ್ ಸಿಕ್ಕರೆ ಕಾರಿನದೆಂದು ದುಡುಕಬೇಡಿ. ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿದ್ದರೆ, ಅಂದರೆ ರೀಬೋರ್ ಆಗಿದ್ದರೆ, 1.5 ಮಿಮೀವರೆಗೂ ಹೆಚ್ಚು ಬರುತ್ತದೆ: 57ರ ಮೋರಿಸ್ 8 ರೀಬೋರಾದ ಮೇಲೆ 58 ದಾಟಿ, 58ರ ಸ್ಟ್ಯಾಂಡರ್ಡ್ 8 ಎಂಬಂತೆ ಕಾಣುತ್ತದೆ. ವಾಲ್ವ್ ನೋಡಿ ಬಿಡಿಸಿಕೊಳ್ಳಿ, ಮೋರಿಸ್ 8ಕ್ಕೆ ವಾಲ್ವ್ ಬ್ಲಾಕಿನ ಪಕ್ಕದಲ್ಲಿ, ಸ್ಟ್ಯಾಂಡರ್ಡಿಗೆ ಹೆಡ್ಡಿನಲ್ಲಿ. ಇನ್ನೊಂದು ತಮಾಷೆ: ಸ್ಟ್ಯಾಂಡರ್ಡ್ 8ರ ಎಂಜಿನ್ 803 ಸಿಸಿ, 1950ರ ದಶಕದ ಮೈನರಿನದೂ 803 ಸಿಸಿ, ಎರಡೂ ಬೇರೆ ಬೇರೆ ಕಂಪನಿಯವು. ಸಿಸಿಯೊಂದನ್ನೇ ನಂಬಿದರೆ ಕೆಟ್ಟಂತೆ.

ಎಂಡೋಸ್ಕೋಪ್ ಕ್ಯಾಮೆರಾ

ಇದು ಹೇಳಿಕೊಳ್ಳುವಷ್ಟು ಪ್ರಯೋಜನಕ್ಕಿಲ್ಲ. 14 ಮಿಮೀ ಪ್ಲಗ್ ತೂತಿನಲ್ಲಿ ಹೋಗುತ್ತದೆ, ಪಿಸ್ಟನ್ ತಲೆಯ ಮೇಲಿನ ರೀಬೋರ್ ಅಂಕಿ ಅದೃಷ್ಟವಿದ್ದರೆ ಕಾಣುತ್ತದೆ. ವಾಲ್ವ್ ಪಕ್ಕದಲ್ಲಿರುವ ಎಂಜಿನ್ನಿನಲ್ಲಿ ಅದೂ ಕಷ್ಟ. ನಿಜವಾಗಿ ಉಪಯೋಗ ಡ್ಯಾಶ್‌ಬೋರ್ಡಿನ ಹಿಂಬದಿ ನೋಡಲು, ಹಾವು, ಕಣಜದ ಗೂಡು ಇದೆಯೇ ಎಂದು ಕೈ ಹಾಕುವ ಮೊದಲು ತಿಳಿಯಲು. ಕೊಳ್ಳುವುದಾದರೆ ಬಗ್ಗಿಸಿದಂತೆ ನಿಲ್ಲುವ ಗಟ್ಟಿ ವೈರಿನದು, 2 ಮೀಟರು ಸಾಕು. ಆ್ಯಪನ್ನು ಪೇಟೆಯಲ್ಲೇ ಇಳಿಸಿಕೊಂಡು ಹೋಗಿ, ತೋಟದ ಒಳಗೆ ನೆಟ್‌ವರ್ಕ್ ನಂಬುವಂತಿಲ್ಲ.

ತುಕ್ಕು ಬಿಡಿಸುವುದು, ಅಂಕಿ ಓದುವುದು

ಬಾಟಲಿಯ ದುಬಾರಿ ದ್ರಾವಣಕ್ಕಿಂತ ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು: ಲೀಟರು ನೀರಿಗೆ 50 ಗ್ರಾಂ, ಬಿಡಿ ಬೋಲ್ಟನ್ನು ಒಂದು ರಾತ್ರಿ ಮುಳುಗಿಸಿ, ಬೆಳಿಗ್ಗೆ ಅಡುಗೆ ಸೋಡದ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿ. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ಅಲ್ಯೂಮಿನಿಯಂ ಪ್ಲೇಟು, ಬಾಗಿಲ ಹಿಡಿ ಮತ್ತು ಬ್ಯಾಡ್ಜಿನ ಸತುವಿನ ಎರಕಕ್ಕೆ ಇದು ಬೇಡವೇ ಬೇಡ, ಅಕ್ಷರ ಅಳಿಸಿಹೋಗುತ್ತದೆ. ಅವಕ್ಕೆ ಸೋಪು ನೀರು ಮತ್ತು ಹಳೇ ಹಲ್ಲುಜ್ಜುವ ಬ್ರಷ್.

ಓದಬೇಕಾದ್ದು ತುಕ್ಕು ಹಿಡಿಯದ ವಸ್ತುಗಳ ಮೇಲೆ. ಎಸ್‌ಯು ಕಾರ್ಬೊರೇಟರಿನ ಮೇಲಿನ ಲೋಹದ ಚೀಟಿಯಲ್ಲಿ ನಂಬರಿರುತ್ತದೆ. ಲೂಕಾಸ್ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಮೈಮೇಲೆ ತಿಂಗಳು ಮತ್ತು ಇಸವಿ ಒತ್ತಿರುತ್ತಾರೆ. 6 52 ಎಂದರೆ 1952ರ ಜೂನ್. ಗಾಡಿ ಅದಕ್ಕಿಂತ ಸ್ವಲ್ಪ ಈಚಿನದು, ಅಥವಾ ಡೈನಮೊ ಬದಲಾಗಿದೆ. ಮೈನರಿನ ಎಂಜಿನ್ ನಂಬರ್ ಎಪಿಎಚ್‌ಎಂ ಎಂದು ಶುರುವಾದರೆ 803 ಸಿಸಿ, 9ಎಂ ಎಂದರೆ 948, 10ಎಂಎ ಎಂದರೆ 1098. ಮೋರಿಸ್ ಬಳಗದ 1950ರ ದಶಕದ ಚಾಸಿ ಪ್ಲೇಟಿನಲ್ಲಿ ಮೂರು ಅಕ್ಷರಗಳ ನಂತರದ ಮೊದಲ ಅಂಕಿ ನೋಡಿ: 1 ಅಲ್ಲಿಯದೇ ಬಲಗೈ ಸ್ಟಿಯರಿಂಗ್, 2 ರಫ್ತಿಗೆ ಮಾಡಿದ ಬಲಗೈ, 5 ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಿಸಿದ್ದು. ಲ್ಯಾಂಡ್ ರೋವರ್ ಸೀರೀಸ್ 2ಎ, 88 ಇಂಚಿನ ಪೆಟ್ರೋಲ್ ಗಾಡಿಯಲ್ಲಿ 241, 242, 243 ಇದೇ ಅರ್ಥದ ಮೊದಲ ಅಂಕಿಗಳು. ಪ್ಲೇಟು ಕಳೆದಿದ್ದರೆ ಚಾಸಿಯ ಬಲ ಮುಂದಿನ ಪಟ್ಟೆಯ ಕೊಂಡಿಯ ಜಾಗದಲ್ಲಿ ಒತ್ತಿದ್ದನ್ನು ಹುಡುಕಿ.

ಒತ್ತಿದ ಅಂಕಿಗೆ ಗ್ರೈಂಡರ್ ತಾಗಿಸಬೇಡಿ. ಸೀಮೆಎಣ್ಣೆ, ಹಿತ್ತಾಳೆ ಬ್ರಷ್, ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿ ಮೇಲ್ಮೈ ಒರೆಸಿದರೆ ತಗ್ಗಿನಲ್ಲಿ ಬಿಳಿ ನಿಲ್ಲುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಲೋಹಕ್ಕೆ ಒರಗಿಸಿ ಹಿಡಿದು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದಲೂ ಫೋಟೊ ತೆಗೆಯಿರಿ. 3, 8 ಮತ್ತು 6 ಒಂದು ಫೋಟೊದಲ್ಲಿ ಬೇರೆಯಾಗದಿದ್ದರೆ ಇನ್ನೊಂದರಲ್ಲಿ ಆಗುತ್ತವೆ. ಈ ನಂಬರ್ ಕೈಗೆ ಬಂದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಶುಲ್ಕ ಪಡೆದು ಕಾರ್ಖಾನೆ ದಾಖಲೆಯ ಪ್ರಮಾಣಪತ್ರ ಕೊಡುತ್ತದೆ, ದಾಖಲೆ ಉಳಿದಿರುವ ಮಾಡೆಲ್‌ಗಳಿಗೆ. 2021ರ ನಿಯಮದ ವಿಂಟೇಜ್ ನೋಂದಣಿಗೆ, ಅಂದರೆ ವಿಎ ಸರಣಿಯ ನಂಬರಿಗೆ, ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಉಜ್ಜಿ ಸವೆದ ಚಾಸಿ ನಂಬರ್ ಇಟ್ಟುಕೊಂಡು ಹೋದರೆ, ಆರ್‌ಟಿಒ ಕಣ್ಣಿಗೆ ಅದು ತಿದ್ದಿದ ನಂಬರೇ.

ಹೋಗುವುದಾದರೆ ಫೆಬ್ರವರಿ, ಮಾರ್ಚಿನಲ್ಲಿ ಹೋಗಿ. ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ಜಿಗಣೆ ಇರುವುದಿಲ್ಲ, ಹೂಮಳೆ ಬರುವ ಮೊದಲು ಸೀಮೆಎಣ್ಣೆ ಹಚ್ಚಿದ ಬೋಲ್ಟು ಎರಡು ದಿನ ಒಣಗಿಯೇ ಇರುತ್ತದೆ.